ಲೊರೆಶೋದ ಹದಿನಾಲ್ಕು ಗಿನಿಕೋಳಿಗಳ ಪರವಾಗಿ

ಹಕ್ಕಿ ಉಪದ್ರವ ವಿಭಾಗದ ಮಾನ್ಯ ಅಧಿಕಾರಿಗಳೇ,

ಬರುವ ಶುಕ್ರವಾರ ಬೆಳಿಗ್ಗೆ ನಿಮ್ಮ ಲಾರಿ ಬಲೆ ಸಮೇತ ನೈರೋಬಿಯ ಲೊರೆಶೋ ಬಡಾವಣೆಯ ನಮ್ಮ ಓಣಿಗೆ ಬಂದು, ಇಲ್ಲಿ ಓಡಾಡಿಕೊಂಡಿರುವ ಹದಿನಾಲ್ಕು ಕಾಡು ಗಿನಿಕೋಳಿಗಳನ್ನು ಹಿಡಿದು ಕೊಲ್ಲಲಿದೆ ಎಂದು ನಿಮ್ಮ ನೋಟೀಸು ಹೇಳುತ್ತದೆ. ಕಾರಣ, ಹಕ್ಕಿಜ್ವರದ ಭೀತಿ. ಆಧಾರ, ನಾನೇ ಕೊಟ್ಟ ಹೇಳಿಕೆ! ಇದನ್ನು ಓದಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ, ತಾವು ಮೌನವ್ರತ ಬಿಡಲಿಲ್ಲ. ಉತ್ತರ ಬಾರದೇ ಇರುವುದಾದರೆ ನನ್ನ ಭಾಷೆಯಲ್ಲೇ ಬಾರದಿರಲಿ ಎಂದು ನಾಲ್ಕನೆಯದನ್ನು ಕನ್ನಡದಲ್ಲಿ ಬರೆದು ನಮ್ಮ ಕನ್ನಡ ಕೂಟದ ಪತ್ರಿಕೆಗೆ ಕೊಟ್ಟಿದ್ದೇನೆ. ಓದಿ ಹೇಳುವವರು ನಮ್ಮ ದೇಶದವರೇ ತುಂಬಿರುವ ವೆಸ್ಟ್‌ಲ್ಯಾಂಡ್ಸ್‌ನ ಯಾವುದಾದರೂ ಆಫೀಸಿನಲ್ಲಿ ನಿಮಗೆ ಸಿಕ್ಕೇ ಸಿಗುತ್ತಾರೆ.

ನಾವು ಮೈಸೂರಿನಿಂದ ಬಂದು ಮೂರು ವರ್ಷವಾಯಿತು. ನಮ್ಮ ಯಜಮಾನರು ಸದಾಶಿವ, ಔಷಧದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡದೆ ನಾನು ಒಲೆ ಹಚ್ಚಿದವಳಲ್ಲ. ಊರಿನಿಂದ ತಂದ ರಂಗೋಲಿ ಪುಡಿ ನಾಲ್ಕೇ ತಿಂಗಳಿಗೆ ಮುಗಿಯಿತು. ಇಲ್ಲಿಯವರು ಉಂಗಾ ಅನ್ನುವ ಮೆಕ್ಕೆಜೋಳದ ಹಿಟ್ಟು ಬೆಳ್ಳಗಿದೆ, ಬೆರಳ ಸಂದಿಯಿಂದ ಚೆನ್ನಾಗಿ ಇಳಿಯುತ್ತದೆ. ಅದನ್ನೇ ಹಿಡಿದೆ. ಮೊದಲ ವಾರ ಒಂದು ಗಿನಿಕೋಳಿ ಬಂತು. ನೀಲಿ ಕತ್ತು, ಬೂದು ಮೈ ತುಂಬ ಬಿಳಿ ಚುಕ್ಕಿ. ತಿಂಗಳ ಕೊನೆಗೆ ಹದಿನಾಲ್ಕಾದವು. ಎಳೆಗಳನ್ನು ಬಿಟ್ಟು ಚುಕ್ಕಿಗಳನ್ನೇ ಮೊದಲು ತಿನ್ನುವ ಶಿಸ್ತು ಅವುಗಳಿಗೆ ಯಾರು ಕಲಿಸಿದರೋ ಕಾಣೆ. ಹಿಟ್ಟು ನನ್ನದು, ತಪ್ಪೂ ನನ್ನದು, ಒಪ್ಪಿಕೊಂಡೆ.

ಹೋದ ತಿಂಗಳು ನಿಮ್ಮ ಇನ್ಸ್‌ಪೆಕ್ಟರು ಬಂದರು. ಔಷಧ ಕಾರ್ಖಾನೆಯವರ ಮನೆ ಮುಂದೆ ಬಿಳಿ ಪುಡಿ, ಅದರ ಸುತ್ತ ಹಕ್ಕಿಗಳ ಹಿಂಡು! ಅವರ ಮುಖ ನೋಡಬೇಕಿತ್ತು. ಇದನ್ನು ಯಾರಿಗಾಗಿ ಹಾಕುತ್ತೀರಿ ಎಂದು ಕೇಳಿದರು. ಸುಳ್ಳು ಹೇಳಲೇ? ದಿನಾ ಬೆಳಿಗ್ಗೆ ಲಕ್ಷ್ಮಿಯನ್ನು ಮನೆಗೆ ಕರೆಯಲು ಹಾಕುತ್ತೇನೆ ಎಂದೆ. ಅವರು ಗಂಭೀರವಾಗಿ ತಲೆದೂಗಿ ಬರೆದುಕೊಂಡರು. ಸದ್ಯ, ಅರ್ಥವಾಯಿತಲ್ಲ ಎಂದು ಸಂತೋಷಪಟ್ಟು ಕಾಫಿಯನ್ನೂ ಕೊಟ್ಟೆ.

ವಾರದ ಮೇಲೆ ನೋಟೀಸು ಬಂತು. ‘ಈ ಮನೆಯ ಮಹಿಳೆ ಹಾಗೂ ಲಕ್ಷ್ಮಿ ಎಂಬ ಇನ್ನೊಬ್ಬರು ಸೇರಿ ಕಾಡುಹಕ್ಕಿಗಳಿಗೆ ಉದ್ದೇಶಪೂರ್ವಕವಾಗಿ ಆಮಿಷ ಒಡ್ಡುತ್ತಿರುವುದನ್ನು ಒಪ್ಪಿಕೊಂಡಿದ್ದಾರೆ. ಸದರಿ ಲಕ್ಷ್ಮಿ ಗುರುತಿನ ಚೀಟಿಯೊಂದಿಗೆ ಕಚೇರಿಗೆ ಹಾಜರಾಗತಕ್ಕದ್ದು.’

ನಮ್ಮ ಯಜಮಾನರು ಕನ್ನಡಕ ಒರೆಸಿ ಎರಡು ಸಲ ಓದಿದರು. “ಲೇ ಚಂಪಾ, ನಮ್ಮ ಮನೆಗೇ ಸರಿಯಾಗಿ ಬರದವಳನ್ನ ಇವರ ಆಫೀಸಿಗೆ ಎಲ್ಲಿಂದ ಕಳಿಸೋಣ್ವೇ?” ಮಗಳು ಶರ್ವಾಣಿ ಮಾತ್ರ ನಗಲಿಲ್ಲ. “ಅಮ್ಮಾ, ಯು ಕನ್ಫೆಸ್ಡ್. ನೌ ದೇ ವಿಲ್ ಕಿಲ್ ದೆಮ್,” ಎಂದಳು. ಹನ್ನೊಂದು ವರ್ಷದ ಹುಡುಗಿಗೆ ನಾನು ಏನು ಹೇಳಲಿ? ಆ ಮಾತು ಎದೆಯಲ್ಲಿ ಕೂತುಬಿಟ್ಟಿದೆ.

ಸ್ವಾಮೀ, ಒಂದು ಹಕ್ಕಿಯಾದರೂ ಸೀನಿತೇ? ಒಂದರ ರಕ್ತವನ್ನಾದರೂ ಪರೀಕ್ಷಿಸಿದಿರಾ? ಒಂದು ಬ್ಯಾಚ್ ಕೆಮ್ಮಿನ ಸಿರಪ್ಪನ್ನು ಚೆಲ್ಲಬೇಕಾದರೂ ನಮ್ಮ ಯಜಮಾನರು ಎರಡೆರಡು ಸಲ ಟೆಸ್ಟ್ ಮಾಡಿಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಹದಿನಾಲ್ಕು ಜೀವಕ್ಕೆ ಸಿರಪ್ಪಿನಷ್ಟೂ ಮರ್ಯಾದೆ ಇಲ್ಲವೇ? ಊರಿಗೆ ಜ್ವರ ಬಂದರೆ ನನ್ನ ಮಗಳಿಗೂ ಬರುತ್ತದೆ, ಆ ಹೆದರಿಕೆ ನಿಮಗಿಂತ ನನಗೇ ಹೆಚ್ಚು. ಅದಕ್ಕೇ ಕೇಳುತ್ತಿದ್ದೇನೆ, ಪರೀಕ್ಷೆ ಮಾಡಿ ಎಂದು. ಬಲೆ ತರಲು ಲಾರಿ ಇದೆ, ಒಂದು ಸೂಜಿ ತರಲು ಜನ ಇಲ್ಲ ಅಂದರೆ ಹೇಗೆ?

ಇನ್ನೊಂದು ಮಾತು. ಈ ಓಣಿಯಲ್ಲಿ ಮನೆಗಿಂತ ಗೋಡೆ ಎತ್ತರ, ಗೋಡೆಯ ಮೇಲೆ ಕರೆಂಟಿನ ತಂತಿ. ಬಂದ ಹೊಸದರಲ್ಲಿ ಒಂದಿಡೀ ವರ್ಷ ನಾನು ಇಲ್ಲಿ ಯಾರೊಂದಿಗೂ ಮಾತಾಡಲಿಲ್ಲ. ಒಂದು ದಿನ ಇವು ಸಾಲಾಗಿ ರಸ್ತೆ ದಾಟುವಾಗ ಎದುರುಮನೆಯ ಕಾರು ಗಕ್ಕನೆ ನಿಂತಿತು. ಹಕ್ಕಿಗಳನ್ನು ಓಡಿಸಲು ನಾನು ಕನ್ನಡದಲ್ಲಿ ಬೈಯುತ್ತಾ ಓಡಿದೆ. ಕಾರಿನ ಕಿಟಕಿ ಇಳಿಯಿತು. “ಹೋ, ನೀವು ಕನ್ನಡದವರಾ ಮಾರಾಯ್ರೆ? ಇಷ್ಟು ದಿನ ಹೇಳ್ಲೇ ಇಲ್ಲ ಅಲ್ವಾ!” ಅವರೇ ಮಂಗಳೂರಿನ ಕ್ರಿಸ್ಟೀನ್. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದೂ ನಮ್ಮಿಬ್ಬರಿಗೆ ಗೊತ್ತೇ ಇರಲಿಲ್ಲ. ಇಂದು ನನಗೆ ಜ್ವರ ಬಂದರೆ ಗಂಜಿ ಬರುವುದು ಆ ಮನೆಯಿಂದ. ನಿಮ್ಮ ಕಡತದಲ್ಲಿ ಇವು ಉಪದ್ರವ ಇರಬಹುದು, ನನಗೆ ಈ ಊರನ್ನು ಪರಿಚಯ ಮಾಡಿಕೊಟ್ಟದ್ದು ಇವೇ. ಅವುಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಹಾಗಾಗಿ ನನ್ನ ಬೇಡಿಕೆ ಕೇಳಿ. ನನ್ನ ಹೇಳಿಕೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ, ಕಡತದಿಂದ ಕಿತ್ತುಹಾಕಿ. ಹಿಟ್ಟು ಚೆಲ್ಲಿದ್ದು ಅಪರಾಧವಾದರೆ ಶಿಕ್ಷೆ ನನಗೆ ಕೊಡಿ, ನಾಳೆಯೇ ಬಂದು ನಿಮ್ಮ ಬೆಂಚಿನ ಮೇಲೆ ಕೂರುತ್ತೇನೆ. ಹಕ್ಕಿಗಳಿಗೆ ರೋಗವಿದೆ ಎಂದು ಪಶುವೈದ್ಯರು ಸಹಿ ಹಾಕಿದ ಒಂದೇ ಒಂದು ವರದಿ ತೋರಿಸಿ, ಅಳುತ್ತಲೇ ದಾರಿ ಬಿಡುತ್ತೇನೆ.

ತೋರಿಸಲಾಗದಿದ್ದರೆ ಲಾರಿಗೆ ಡೀಸೆಲ್ ದಂಡ ಮಾಡಬೇಡಿ. ನಮ್ಮ ಓಣಿಗೆ ಇರುವುದು ಒಂದೇ ಗೇಟು. ನಿನ್ನೆ ಸಂಜೆ ಕಾವಲುಗಾರ ಮುಸ್ಯೋಕಾ ಅದಕ್ಕೆ ಹೊಸ ಬೀಗ ಜಡಿದು, “ಪೋಲೆ ಸಾನಾ, ಮಾಮಾ”, ಅಂದರೆ ‘ತುಂಬ ಬೇಸರವಾಯಿತಮ್ಮಾ’, ಎಂದು ನನ್ನ ಸಂಕಟಕ್ಕೆ ಮರುಗಿ, ಕೀಲಿಯನ್ನು ನನ್ನ ಕೈಗಿಟ್ಟ. ಓಣಿಯ ಒಂಬತ್ತು ಮನೆಯವರ ಒಪ್ಪಿಗೆಯೂ ಇದೆ. ಕೀಲಿ ಈಗ ನನ್ನ ಸೊಂಟದಲ್ಲಿದೆ. ಶುಕ್ರವಾರ ಆರು ಗಂಟೆಗೆ ನಾನು ಗೇಟಿನ ಒಳಗಡೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ, ಪಕ್ಕದಲ್ಲಿ ನನ್ನ ಮಗಳು ಇರುತ್ತಾಳೆ. ಅವಳ ಕಣ್ಣೆದುರಿಗೆ ಬೀಗ ಒಡೆಯುವ ಧೈರ್ಯವಿದ್ದರೆ ಬನ್ನಿ.

ಇಂತಿ,
ಕೇಳಿದ್ದಕ್ಕೆಲ್ಲ ನಿಜ ಹೇಳಿ, ಮೇಲೆ ಕಾಫಿಯನ್ನೂ ಕೊಟ್ಟು ಕೆಟ್ಟ
ಚಂಪಾ ಸದಾಶಿವ
ಲೊರೆಶೋ, ನೈರೋಬಿ
ಮಾರ್ಚ್ ೨೦೦೬