ಕುಲಶೇಖರದ ಮಣ್ಣುದಿಬ್ಬ

ಕುಲಶೇಖರ,
೧೪-೨-೧೯೭೯

ಪ್ರೀತಿಯ ಮಹಾಬಲ ಮಾವನಿಗೆ ಸ್ವರ್ಣಲತಾಳ ನಮಸ್ಕಾರಗಳು.

ತೊಕ್ಕೊಟ್ಟಿನ ನಿಮ್ಮ ಹೊಸ ಹೋಟೆಲಿನ ತಗ್ಗು ತುಂಬಿಸಲು ನಮ್ಮ ಹಿತ್ತಿಲಿನ ದಿಬ್ಬದ ಮಣ್ಣು ತೆಗೆಸುತ್ತಿದ್ದೀರಲ್ಲ, ನಿನ್ನೆ ಅದರೊಳಗೆ ಒಂದು ಮಡಕೆ ಸಿಕ್ಕಿತು. ಮಡಕೆಯಲ್ಲಿ ಬೂದಿ ಬಣ್ಣದ ಮಣ್ಣು, ಒಂದು ಪುಟ್ಟ ಚಿಪ್ಪಿನ ಬಳೆ. ಈ ದಿಬ್ಬ ತಾನಾಗಿ ಆದದ್ದಲ್ಲ ಮಾವ. ಬಹಳ ಹಿಂದಿನವರು ಸತ್ತವರ ಮೇಲೆ ಹೀಗೆ ಮಣ್ಣು ಪೇರಿಸುತ್ತಿದ್ದರೆಂದು ಬಿ.ಎ.ಯಲ್ಲಿ ಓದಿದ್ದೆ.

ಬಳೆಯನ್ನು ನನ್ನ ಮಗುವಿನ ಕೈಯ ಪಕ್ಕ ಹಿಡಿದು ನೋಡಿದೆ. ಅದೇ ಅಳತೆ. ಕೆಲಸದ ಗುಲಾಬಿ ಬೊಬ್ಬೆ ಹಾಕಿದಳು: "ಸತ್ತವರ ಬಳೆ ಮಗುವಿಗೆ ಹಿಡಿಯುವುದಾ! ನಿಮಗೆ ತಲೆ ಸಮ ಉಂಟಾ ಅಕ್ಕಾ?"

ಮಗುವಿಗೆ ಕೆಮ್ಮು ಹಿಡಿದಂದಿನಿಂದ ನನಗೆ ನಿದ್ದೆಯಿಲ್ಲ. ಈಗ ಎದ್ದು ಕೂತಾಗಲೆಲ್ಲ ಇದೇ ಯೋಚನೆ. ಅಷ್ಟು ಸಣ್ಣ ಮಗುವಿಗೆ ಇಷ್ಟು ದೊಡ್ಡ ದಿಬ್ಬ ಕಟ್ಟಿದವರು ಎಂಥವರು? ಮಣ್ಣು ಎಲ್ಲಿಂದ ತಂದರು? ತಾಯಿಯೂ ಹೊತ್ತಳೇ?

ನಮಗೆ ಇತಿಹಾಸ ಕಲಿಸಿದ ಉಪನ್ಯಾಸಕರು ಭಾನುವಾರ ನೋಡಲು ಬರುತ್ತಾರೆ. ಅಲ್ಲಿಯವರೆಗೆ ಅಗೆತ ನಿಲ್ಲಿಸಿ.

"ಅದರಲ್ಲಿ ಭೂತ ಉಂಟು ಅಂತ ಬರೆಯಿರಿ, ಧಣಿಗಳು ಇವತ್ತೇ ನಿಲ್ಲಿಸ್ತಾರೆ" ಎನ್ನುತ್ತಾಳೆ ಗುಲಾಬಿ. ನಿಲ್ಲಿಸುತ್ತೀರಿ, ಗೊತ್ತು. ಆದರೆ ಆಮೇಲೆ ಅಲ್ಲೊಂದು ಭೂತದ ಕಟ್ಟೆ ಕಟ್ಟಿಸಿ ದೀಪ ಇಡಿಸುತ್ತೀರಿ. ಒಳಗೆ ಯಾರಿದ್ದಾರೆಂದು ಮತ್ತೆ ಯಾರೂ ಕೇಳುವ ಹಾಗಿರುವುದಿಲ್ಲ.

ಇವತ್ತು ಬೆಳಿಗ್ಗೆ ಬಂದ ಲಾರಿಯನ್ನು ನಾನೇ ವಾಪಸು ಕಳಿಸಿದ್ದೇನೆ. ಬೈಯುವುದಿದ್ದರೆ ಇಲ್ಲಿಗೇ ಬಂದು ಬೈಯಿರಿ. ಹಾಗಾದರೂ ನೀವು ಒಮ್ಮೆ ದಿಬ್ಬ ನೋಡಿದ ಹಾಗಾಗುತ್ತದೆ.

ನಿಮ್ಮ ತಂಗಿಯ ಮಗಳು,
ಸ್ವರ್ಣಲತಾ