ಗೋಡೆಯ ಮೇಲೆ ಒಂಟಿ ಚಪ್ಪಲಿ

ಮಾರ್ಚ್ 4, ಶನಿವಾರ

ಇವತ್ತೂ ಸ್ಪ್ರೇ ಬಣ್ಣದ ಕ್ಯಾನ್ ಅಲ್ಲಾಡಿಸುವ ಪಾಠವೇ. ಎರಡು ನಿಮಿಷ ಅಲ್ಲಾಡಿಸಿ, ಒಳಗಿನ ಗೋಲಿ ಗಡಗಡ ಅನ್ನಬೇಕು, ಆಮೇಲೆ ಸ್ಪ್ರೇ ಮಾಡಿ ಎಂದರೆ ಯಾರಿಗಿದೆ ತಾಳ್ಮೆ? ಆರು ಮಕ್ಕಳು. ಮುಚ್ಚಿಹೋದ ಲಾಂಡ್ರಿಯ ಪಕ್ಕದ ಗೋಡೆ. ಅದರ ಮೇಲೆ ಚಿತ್ರ ಬರೆಯಲು ಸಮುದಾಯ ಭವನದ ಮೇಲ್ವಿಚಾರಕರು ಹೇಗೋ ಅನುಮತಿ ತಂದುಕೊಟ್ಟಿದ್ದಾರೆ. ಅಡಿಗೆ ಬಳಿದ ಬಿಳಿ ಪ್ರೈಮರ್ ಒಣಗಿದೆ.

ಎಲ್ಲರೂ ಡಾಕ್ಟರ್ ಎಂದು ಕರೆಯುವ ಹುಡುಗ ತನ್ನ ಬೂಟಿಗೇ ನೀಲಿ ಹೊಡೆದುಕೊಂಡ. "ಮೇಡಂ, ಇದು ಬೇಕಂತ ಮಾಡಿದ್ದು. ಡಿಸೈನು." ಎಲ್ಲರೂ ನಕ್ಕರು, ಮ್ಯೂಟ್ ಒಬ್ಬಳನ್ನು ಬಿಟ್ಟು. ಹದಿನಾರರ ಹುಡುಗಿ. ತುಟಿ ಪಿಟಕ್ಕೆನ್ನುವುದಿಲ್ಲ, ಅದಕ್ಕೇ ಆ ಹೆಸರು. ಏಣಿ ತಂದರೆ ಮಾತ್ರ ಹತ್ತು ಹೆಜ್ಜೆ ಹಿಂದೆ ಸರಿಯುತ್ತಾಳೆ.

ಮನೆಗೆ ಬಂದಾಗ ಅಮ್ಮ ನನ್ನ ಕೈ ಹಿಡಿದು ಮೂಸಿದಳು. "ಬಣ್ಣ" ಎಂದಳು, ಅಷ್ಟೇ. ತಮ್ಮ ಹೋಗಿ ಮೂರು ವರ್ಷ. ಅಲ್ಲಿಂದ ಈಚೆಗೆ ಆ ವಾಸನೆ ಈ ಮನೆಯೊಳಗೆ ಬಂದಿರಲಿಲ್ಲ.

ಮಾರ್ಚ್ 11, ಶನಿವಾರ

ಬರೆಯಬೇಕೋ ಬೇಡವೋ...

ಗೋಡೆಯ ಎಡಮೂಲೆ, ನೆಲಕ್ಕೆ ಹತ್ತಿರ, ಕೆಂಪು ಬಣ್ಣದಲ್ಲಿ ಒಂಟಿ ಚಪ್ಪಲಿ. ಅಂಗೈಯಷ್ಟು.

ಅದು ತಮ್ಮನ ಸಹಿ. ಚಿಕ್ಕವನಿದ್ದಾಗ ಎಲ್ಲಿ ಹೋದರೂ ಒಂದು ಚಪ್ಪಲಿ ಕಳೆದುಕೊಂಡು ಬರುತ್ತಿದ್ದ. ದೊಡ್ಡವನಾಗಿ ಗೋಡೆ ಬರೆಯಲು ಶುರುಮಾಡಿದಾಗ ಅದನ್ನೇ ಸಹಿ ಮಾಡಿಕೊಂಡ. ಹೆಸರು ಹಾಕಿದರೆ ಪೊಲೀಸರು ಬರುತ್ತಾರೆ, ಚಪ್ಪಲಿ ಹಾಕಿದರೆ ಯಾರು ಬರುತ್ತಾರೆ ಅಕ್ಕಾ, ಎನ್ನುತ್ತಿದ್ದ. ಕ್ಯಾನ್ ಹಿಡಿಯುವುದನ್ನು ಅವನಿಗೆ ಕಲಿಸಿದ್ದು ನಾನು.

ಮುಟ್ಟಿ ನೋಡಿದೆ. ಬಣ್ಣ ಇನ್ನೂ ಅಂಟುತ್ತಿತ್ತು. ಯಾರನ್ನೂ ಕೇಳಲಿಲ್ಲ. ಮೇಲೆ ಬಿಳಿ ಬಳಿದೆ.

ಮಾರ್ಚ್ 12, ಮಧ್ಯಾಹ್ನ 3

ಬಟ್ಟೆ ಮಡಚುತ್ತಿದ್ದೆ. ತಮ್ಮನ ಕೋಣೆಯಲ್ಲಿ ಕ್ಯಾನಿನ ಗೋಲಿಯ ಸದ್ದು. ಗಡಗಡ, ಗಡಗಡ. ಎರಡು ಸಲ. ಹೋಗಿ ನೋಡಿದೆ. ಮಂಚದ ಕೆಳಗೆ ಅವನ ಕ್ಯಾನ್‌ಗಳ ಡಬ್ಬ, ಮೇಲೆ ಕದಡದ ಧೂಳು. ನನ್ನ ತಲೆ ಕೆಟ್ಟಿದೆ ಎಂದುಕೊಂಡೆ.

ತಿರುಗಿದರೆ ಬಾಗಿಲಲ್ಲಿ ಅಮ್ಮ. "ನಿನಗೂ ಕೇಳಿಸ್ತಾ?"

ಇಲ್ಲ ಎಂದೆ.

ಮಾರ್ಚ್ 18

ಚಪ್ಪಲಿ ಮತ್ತೆ ಬಂದಿದೆ. ಈ ಸಲ ಬಲಮೂಲೆಯಲ್ಲಿ. ಮಂಡಿಯೂರಿ ಕುಳಿತು ನೋಡಿದೆ. ಮೊದಲು ಪಟ್ಟಿ, ಅದರ ಮೇಲೆ ಅಟ್ಟೆ. ಎಲ್ಲರೂ ಅಟ್ಟೆ ಬರೆದು ಆಮೇಲೆ ಪಟ್ಟಿ ಎಳೆಯುತ್ತಾರೆ. ತಮ್ಮನೊಬ್ಬ ಉಲ್ಟಾ. ಪಕ್ಕದಲ್ಲಿ ನಿಂತು ನೋಡಿದವರಿಗಲ್ಲದೆ ಇದು ಗೊತ್ತಾಗುವಂಥದ್ದಲ್ಲ.

ನೋಡಿದವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಡಾಕ್ಟರ್ ಬಗ್ಗಿ, "ಮೇಡಂ, ಬಿಪಿ ಇದೆಯಾ? ಮುಖ ಬಿಳಿ ಆಗಿದೆ" ಎಂದ.

ಮಾರ್ಚ್ 25

ಒಂದು ಗಂಟೆ ಮೊದಲೇ ಹೋದೆ. ಮ್ಯೂಟ್ ಗೋಡೆಯೆದುರು ಕುಕ್ಕರುಗಾಲಲ್ಲಿ ಕುಳಿತಿದ್ದಳು. ಕೈಯಲ್ಲಿ ಕೆಂಪು ಕ್ಯಾನ್. ಪಟ್ಟಿ ಮುಗಿದಿತ್ತು.

"ಯಾರು ಕಲಿಸಿದ್ದು ಇದನ್ನ?"

ಅವಳ ಧ್ವನಿ ಕೇಳಿದ್ದು ಇದೇ ಮೊದಲು. "ಅಣ್ಣ."

"ಯಾವ ಅಣ್ಣ?"

"ನಿಮ್ಮ ತಮ್ಮ. ಅವತ್ತು... ಗೋಡೌನ್ ಗೋಡೆ ಹತ್ರ ಏಣಿ ಹಿಡ್ಕೊಂಡಿದ್ದು ನಾನು."

ಕ್ಯಾನ್ ಕೆಳಗಿಟ್ಟಳು. "ವಾಚ್‌ಮನ್ ಸೀಟಿ ಊದಿದ್ರು. ಅಣ್ಣ ಮೇಲಿಂದ 'ಓಡು' ಅಂದ. ನಾನು ಕೈ ಬಿಟ್ಟು ಓಡ್ದೆ. ಹಿಂದೆ ಏಣಿ ಬಿದ್ದ ಸದ್ದು ಕೇಳಿಸ್ತು."

ಒಬ್ಬನೇ ಇದ್ದ ಎಂದು ಪೊಲೀಸರ ಕಾಗದದಲ್ಲಿದೆ. ಮೂರು ವರ್ಷ ಅದನ್ನೇ ನಂಬಿದ್ದೆವು.

"ಮತ್ತೆ ನನ್ನ ಕ್ಲಾಸಿಗೆ ಯಾಕೆ ಬಂದೆ?"

"ಹೇಳೋಣ ಅಂತ. ಪ್ರತಿ ವಾರ ಹೇಳೋಣ ಅಂತಾನೇ ಬರ್ತೀನಿ. ಬಾಯೇ ಬರಲ್ಲ. ಅದಕ್ಕೇ ಬರೆದೆ."

"ಹೋಗು" ಎಂದೆ. ಹೋದಳು. ಉಳಿದವರು ಬರುವ ಮೊದಲೇ ನಾನೂ ಲಾಂಡ್ರಿ ಅಂಗಳದ ಗೇಟಿಗೆ ಬೀಗ ಹಾಕಿಕೊಂಡು ಬಂದೆ.

ಏಪ್ರಿಲ್ 12

ಎರಡು ಶನಿವಾರ ಹೋಗಲಿಲ್ಲ. ಜ್ವರ ಎಂದು ಮೇಲ್ವಿಚಾರಕರಿಗೆ ಸುಳ್ಳು ಹೇಳಿದೆ. ಹುಡುಗಿಯ ಮೇಲೆ ಕೋಪ ಎಂದುಕೊಂಡಿದ್ದೆ. ಕೋಪ ಇಳಿದ ಮೇಲೆ ಅದರ ಕೆಳಗೆ ಏನಿತ್ತು ಎಂದು ಕಾಣುತ್ತಿದೆ. ಇಲ್ಲಿಯಾದರೂ ಬರೆದುಬಿಡುತ್ತೇನೆ.

ತಮ್ಮ ಬಿದ್ದ ಆ ಭಾನುವಾರ, ಹೊರಡುವ ಮೊದಲು ನನಗೆ ಫೋನ್ ಮಾಡಿದ್ದ. "ಅಕ್ಕಾ, ಏಣಿ ಹಿಡ್ಕೊಳ್ಳೋಕೆ ಬರ್ತೀಯಾ? ಅರ್ಧ ಗಂಟೆ ಅಷ್ಟೇ." ನಾನು ಒಂದು ಅಂಗಡಿಯ ಬೋರ್ಡ್ ಬರೆಯುತ್ತಿದ್ದೆ. "ನನಗೇನು ಬೇರೆ ಕೆಲಸ ಇಲ್ವಾ? ಯಾರನ್ನಾದ್ರೂ ಕರ್ಕೊಂಡು ಹೋಗು" ಎಂದೆ. ಫೋನ್ ಕಟ್ ಮಾಡಿದೆ.

ಯಾರನ್ನಾದರೂ ಕರೆದುಕೊಂಡು ಹೋದ. ಹದಿಮೂರು ವರ್ಷದವಳನ್ನು.

ಅಮ್ಮನಿಗೆ ಈ ಫೋನಿನ ವಿಷಯ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ಏಪ್ರಿಲ್ 15, ಸಂಜೆ 6

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅಮ್ಮ ತೆಗೆದಾಗಿತ್ತು. ಮ್ಯೂಟ್. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಒಂದೇ ಉಸಿರಿಗೆ ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ಏಣಿ, ಸೀಟಿ, ಓಡಿದ್ದು.

ಅಮ್ಮ ಬೈಯುತ್ತಾಳೆ ಎಂದು ಕಾದೆ. ಕುರ್ಚಿ ಹಿಡಿದುಕೊಂಡು ಕುಳಿತಳು. "ಕೊನೇಲಿ ಒಬ್ಬನೇ ಇದ್ನಾ?" ಮೂರು ವರ್ಷದಿಂದ ಅವಳಿಗಿದ್ದದ್ದು ಇದೊಂದೇ ಪ್ರಶ್ನೆ ಇರಬೇಕು.

"ಇಲ್ಲ ಅಜ್ಜಿ. ತಿರುಗಿ ಬಂದೆ. ವಾಚ್‌ಮನ್ ಆಂಬುಲೆನ್ಸ್‌ಗೆ ಫೋನ್ ಮಾಡೋಕೆ ಒಳಗೆ ಹೋಗಿದ್ರು. ಅಣ್ಣನ ತಲೆ ನನ್ನ ತೊಡೆ ಮೇಲಿಟ್ಕೊಂಡಿದ್ದೆ. ಗಾಡಿ ಸೈರನ್ ಕೇಳಿದ್ಮೇಲೆ ಭಯ ಆಗಿ, ಯಾರೂ ನೋಡೋ ಮೊದ್ಲೇ ಹೋಗ್ಬಿಟ್ಟೆ."

"ಏನಾದ್ರೂ ಅಂದ್ನಾ ಮಗು?"

ಹುಡುಗಿ ನನ್ನ ಕಡೆ ನೋಡಿದಳು. "ಏಣಿಯಿಂದ ಬಿದ್ದೆ ಅಂತ ಅಕ್ಕಂಗೆ ಹೇಳ್ಬೇಡ, ನಗ್ತಾಳೆ ಅಂದ."

ಅಮ್ಮ ನಕ್ಕಳು. ನಿಜವಾಗಿ, ಬಾಯಿತುಂಬ. ನಗುತ್ತಲೇ ಸೆರಗು ಮುಖಕ್ಕೆ ಹಿಡಿದಳು. ಭುಜ ಬಹಳ ಹೊತ್ತು ಅಲುಗುತ್ತಿತ್ತು. ಆಮೇಲೆ ಹುಡುಗಿಯನ್ನು ಒಳಗೆ ಎಳೆದುಕೊಂಡು ಟೀ ಕೊಟ್ಟಳು, ಕೆದರಿದ ಕೂದಲು ಬಾಚಿದಳು. ಮುಂದಿನ ವಾರದಿಂದ ಕ್ಲಾಸ್ ಇದೆ ಎಂದು ನನ್ನನ್ನು ಕೇಳದೆಯೇ ಹೇಳಿಬಿಟ್ಟಳು.

ಹುಡುಗಿಯನ್ನು ಗೇಟಿನವರೆಗೆ ಬಿಡಲು ಹೋದೆ. ಅಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಅಣ್ಣ ಅವತ್ತು ನಿಮಗೆ ಫೋನ್ ಮಾಡ್ದಾಗ ನಾನು ಪಕ್ಕದಲ್ಲೇ ಇದ್ದೆ. ಅಜ್ಜಿಗೆ ಅದನ್ನ ಹೇಳಿಲ್ಲ. ಹೇಳಲ್ಲ ಅಕ್ಕಾ."

ಮೂರು ವರ್ಷ ಅವಳು ಹೊತ್ತದ್ದನ್ನು ಇಳಿಸಿ ಹೋದಳು. ಹೋಗುವಾಗ ನನ್ನದನ್ನೂ ಸ್ವಲ್ಪ ಎತ್ತಿಕೊಂಡಳು. ಮಗು ಅದು. ನಾಚಿಕೆಯಾಯಿತು.

ಏಪ್ರಿಲ್ 16, ಬೆಳಿಗ್ಗೆ 7

ರಾತ್ರಿ ನಿದ್ದೆಯಿಲ್ಲ. ಅಮ್ಮ ಎದ್ದಿದ್ದಾಳೆ. ಅವನ ಕೋಣೆಯ ಕಿಟಕಿ ತೆರೆದು ಪೊರಕೆ ಹಿಡಿದಿದ್ದಾಳೆ. ಈ ಮೂರು ವರ್ಷದಲ್ಲಿ ಅಲ್ಲಿ ಗುಡಿಸಿದವರಿಲ್ಲ. ಏನೋ ಗುನುಗುತ್ತಿದ್ದಾಳೆ. ಈ ಹೊತ್ತಿನಲ್ಲಿ ಆ ಫೋನಿನ ವಿಷಯ ಹೇಳಿ ಅವಳ ಆ ನಗು ಕಿತ್ತುಕೊಳ್ಳಲೇ? ಹೇಳದಿದ್ದರೆ ಆ ಹುಡುಗಿಯ ಮುಖ ಹೇಗೆ ನೋಡಲಿ?

ಕರೆಯುತ್ತಿದ್ದಾಳೆ. "ಬಾರೇ, ಈ ಮಂಚ ಸ್ವಲ್ಪ ಎತ್ತಿ ಹಿಡ್ಕೋ."

ಬಂದೆ ಅಮ್ಮಾ. ಮಂಚ ಹಿಡಿದುಕೊಂಡೇ ಹೇಳುತ್ತೇನೆ. ಮೊದಲ ಮಾತು ಇದೇ — ಅವತ್ತು ಏಣಿ ಹಿಡಿಯಲು ಅವನು ಮೊದಲು ಕರೆದದ್ದು ನನ್ನನ್ನು.