ಮಲಗಿದವರ ಪಟ

೧೭-೭-೧೯೬೨, ಮಂಗಳವಾರ. ಹೊಳೆನರಸೀಪುರ, ಆಸ್ಪತ್ರೆಯಲ್ಲಿ.

ಮಲಗಿದ್ದ ಮಗುವನ್ನು ಎಬ್ಬಿಸಿಬಿಟ್ಟೆನಲ್ಲ ಎಂಬುದೇ ಬೆಳಗಿನಿಂದ ಕೊರೆಯುತ್ತಿದೆ. ಜ್ವರ ಬಿಟ್ಟಿದೆ, ಚೆನ್ನಾಗಿ ನಿದ್ದೆ ಮಾಡಲಿ ಎಂದು ಡಾಕ್ಟರು ಅಷ್ಟು ಹೇಳಿದ್ದರು.

ಆಸ್ಪತ್ರೆಯ ದಿನನಿತ್ಯದ ಕೆಲಸದ ಫೋಟೋ ಬೇಕೆಂದು ಹಾಸನದಿಂದ ದೇವರಾಜು ಎಂಬುವರನ್ನು ಕರೆಸಿದ್ದರು. "ಯಾವಾಗಲೂ ಇರೋ ಹಾಗೇ ಇರಿ" ಎಂದರೆ ವಾರ್ಡಿನಲ್ಲಿ ಯಾರು ಕೇಳಬೇಕು! ಪಕ್ಕದ ಮಂಚದ ಲಕ್ಕಮ್ಮ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವಳು, ತಲೆ ಬಾಚಿಕೊಂಡು ನೆಟ್ಟಗೆ ಕುಳಿತುಬಿಟ್ಟಳು. ನರ್ಸು ಮಲಗು ಎಂದು ಗದರಿದರೆ, "ಮಲಗಿರೋರ ಪಟ ತೆಗೆಯೋದು ಸತ್ ಮ್ಯಾಗೆ ಕಣವ್ವ. ನಾನಿನ್ನೂ ಬದುಕಿವ್ನಿ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ದೇವರಾಜು ನನ್ನ ಮಗು ಮಲಗಿದ್ದ ತೊಟ್ಟಿಲ ಕಡೆ ಕ್ಯಾಮೆರಾ ತಿರುಗಿಸಿದರು. ಬಿ.ಎ. ಓದಿದವಳು ನಾನು, ಒಂದು ಕ್ಷಣವೂ ಯೋಚಿಸದೆ ಮಗುವನ್ನು ಬಾಚಿ ಎತ್ತಿಕೊಂಡೆ. ಅವನು ಬೆಚ್ಚಿಬಿದ್ದು, ಮುಖ ಕೆಂಪಗೆ ಮಾಡಿಕೊಂಡು, ಇಡೀ ವಾರ್ಡು ತಿರುಗಿ ನೋಡುವಂತೆ ಕಿರುಚಿದ. ನಾಲ್ಕು ದಿನದಿಂದ ಬೆಕ್ಕಿನ ಮರಿಯ ಹಾಗೆ ನರಳುವುದಷ್ಟೇ ಆಗಿತ್ತು ಅವನ ಕೈಲಿ. ನಾನು ಹೆದರಿ ಸಮಾಧಾನ ಮಾಡಹೋದರೆ ಆಯಾ ಮಾಯಮ್ಮ ಪೊರಕೆ ಬಿಟ್ಟು ಬಂದು, "ಅಳ್ಲಿ ಬುಡವ್ವಾ, ಗಂಟ್ಲು ಬಂದೈತೆ. ಇನ್ನೇನ್ ಭಯ ಇಲ್ಲ" ಎಂದು ನಕ್ಕಳು. ಅದೇ ಹೊತ್ತಿಗೆ ಕ್ಯಾಮೆರಾ ಟಕ್ ಎಂದಿತು.

ಈಗ ಮತ್ತೆ ಮಲಗಿದ್ದಾನೆ. ಹಣೆ ತಣ್ಣಗಿದೆ, ಮೂರು ಸಲ ಮುಟ್ಟಿ ನೋಡಿದೆ. ಎಬ್ಬಿಸಬಾರದು, ಗೊತ್ತು. ಆದರೂ ಆ ಅಳು ಇನ್ನೊಂದು ಸಲ ಕಿವಿಗೆ ಬಿದ್ದರೆ ನನಗೂ ನಿದ್ದೆ ಬಂದೀತೇನೋ…